ಕ್ಲಬ್ ಮುಚ್ಚಿದ ಮೇಲೆ ಜೆರ್ಸಿ ಯಾರದು?

ಪುಣೆಯ ಸಹಕಾರ ನಗರದಲ್ಲಿ ಒಂದು ಕ್ರಿಕೆಟ್ ಮ್ಯೂಸಿಯಂ ಇದೆ, ಹೆಸರು ‘ಬ್ಲೇಡ್ಸ್ ಆಫ್ ಗ್ಲೋರಿ’. ರೋಹನ್ ಪಾಟೆ ಎಂಬುವರು ಹುಚ್ಚು ಹಿಡಿದವರಂತೆ ಕೂಡಿಸಿದ ಬ್ಯಾಟು, ಚೆಂಡು, ಜೆರ್ಸಿಗಳು 2012ರಿಂದ ಅಲ್ಲಿ ಜನರ ನೋಟಕ್ಕಿವೆ. ಅದೇ ಊರಿನ ಫುಟ್‌ಬಾಲ್ ಕ್ಲಬ್‌ಗಳ ನೆನಪಿಗೆ ಅಂಥ ನೆಲೆಯೊಂದು ಹುಟ್ಟಲಿಲ್ಲ.

ನೆನಪಿಡಲು ಏನೂ ಇರಲಿಲ್ಲವೇ? ಬೇಕಾದಷ್ಟಿತ್ತು. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ 2012–13ರ ಐ-ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೇರಿತು. ಭಾರತ್ ಎಫ್‌ಸಿ 2015ರಲ್ಲಿ ಒಂದೇ ಋತು ಆಡಿ ಮರೆಯಾಯಿತು. 1987ರಷ್ಟು ಹಳೆಯ ಬೇರಿದ್ದ ಡಿಎಸ್‌ಕೆ ಶಿವಾಜಿಯನ್ಸ್ 2017ರಲ್ಲಿ ನಿಂತಿತು. ಐಎಸ್‌ಎಲ್‌ನ ಎಫ್‌ಸಿ ಪುಣೆ ಸಿಟಿ 2014ರಿಂದ 2019ರವರೆಗೆ ಬಾಳಿತು. ಆ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಯೂರೋ 2000ರ ಫೈನಲ್‌ನಲ್ಲಿ ಗೋಲ್ಡನ್ ಗೋಲ್ ಹೊಡೆದ ಫ್ರಾನ್ಸಿನ ಡೇವಿಡ್ ಟ್ರೆಜೆಗೆ ಬಾಳೇವಾಡಿಯ ಮೈದಾನದಲ್ಲಿ ಪುಣೆ ಸಿಟಿಯ ಅಂಗಿ ತೊಟ್ಟು ಓಡಿದ್ದರು ಎಂದರೆ ಇಂದಿನ ಹುಡುಗರು ನಂಬುವುದು ಕಷ್ಟ. ನಂಬಿಸಲು ಆ ಅಂಗಿಯೇ ಬೇಕು.

ಬಾರ್ಸಿಲೋನಾ ಕ್ಲಬ್ 1984ರಲ್ಲಿ ಮ್ಯೂಸಿಯಂ ತೆರೆದದ್ದು ತನ್ನದೇ ಕ್ರೀಡಾಂಗಣದಲ್ಲಿ. ಆ ಕ್ಲಬ್‌ಗೆ ಸದಸ್ಯರೇ ಒಡೆಯರು. ಕೋಲ್ಕತ್ತದ ಮೋಹನ್ ಬಾಗಾನ್, ಬರಿಗಾಲಿನ ಆಟಗಾರರನ್ನು ಕಟ್ಟಿಕೊಂಡು 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದ ದಿನವನ್ನು ಇಂದಿಗೂ ಹಬ್ಬದಂತೆ ಆಚರಿಸುತ್ತದೆ. ಕಂಪನಿಯೊಂದು ಹಣ ಹೂಡಿ ಕಟ್ಟಿದ ಕ್ಲಬ್ಬಿಗೆ ಈ ಭಾಗ್ಯ ಕಡಿಮೆ. ಮಾಲೀಕರು ಕೈಬಿಟ್ಟ ದಿನ ಕಚೇರಿ ಖಾಲಿಯಾಗುತ್ತದೆ. ಟ್ರೋಫಿ, ಫೋಟೊ, ತಂಡದ ಪಟ್ಟಿಗಳಿಗೆ ವಾರಸುದಾರರೇ ಇರುವುದಿಲ್ಲ. ಹಾಗಾಗಿ ಇಂಥ ಊರುಗಳಲ್ಲಿ ಮ್ಯೂಸಿಯಂ ಕಟ್ಟಬೇಕಾದವರು ಕ್ಲಬ್ಬಿನವರಲ್ಲ, ಅಭಿಮಾನಿಗಳು ಮತ್ತು ಜಿಲ್ಲಾ ಫುಟ್‌ಬಾಲ್ ಸಂಸ್ಥೆ ಎಂಬುದು ನನ್ನ ಖಚಿತ ಅಭಿಪ್ರಾಯ. (ನಾವು ಕನ್ನಡಿಗರೂ ಬೀಗುವಂತಿಲ್ಲ: 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?)

ಕೂಡಿಸುವುದಕ್ಕಿಂತ ಕಾಪಾಡುವುದು ಕಷ್ಟದ ಕೆಲಸ. ಬಟ್ಟೆಗೆ ಬೆಳಕೇ ಶತ್ರು. ಮ್ಯೂಸಿಯಂಗಳಲ್ಲಿ ಜೆರ್ಸಿಯ ಮೇಲೆ ಬೀಳುವ ಬೆಳಕನ್ನು ಸುಮಾರು 50 ಲಕ್ಸ್‌ಗೆ ಮಿತಗೊಳಿಸುತ್ತಾರೆ. ಮಡಿಸಿಟ್ಟರೆ ಮಡಿಕೆಯಲ್ಲೇ ಬಟ್ಟೆ ಸವೆಯುತ್ತದೆ, ಬೆನ್ನಿನ ಅಂಕಿ ಬಿರಿಯುತ್ತದೆ. ಆದ್ದರಿಂದ ಆಮ್ಲರಹಿತ ಕಾಗದವನ್ನು ನಡುವೆ ಇಟ್ಟು ಚಪ್ಪಟೆಯಾಗಿ ಹಾಸುತ್ತಾರೆ. ಪುಣೆಯ ಮಳೆಗಾಲದ ತೇವ ಬೂಸ್ಟನ್ನು ಕರೆಯುವುದರಿಂದ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯವಾದದ್ದು ದಾಖಲೆ: ಯಾರು ತೊಟ್ಟದ್ದು, ಯಾವ ಪಂದ್ಯದಲ್ಲಿ, ಯಾರ ಕೈಯಿಂದ ಬಂತು. ಇದಿಲ್ಲದ ಜೆರ್ಸಿ ಬರೀ ಹಳೆಯ ಅಂಗಿ. ವಸ್ತುವಿನ ಜೊತೆಗೆ ದನಿಯನ್ನೂ ಹಿಡಿದಿಡಬೇಕು. ಗೋಲು ಹೊಡೆದವರ ಮಾತು ಪತ್ರಿಕೆಯಲ್ಲಾದರೂ ಸಿಗುತ್ತದೆ; ಹುಲ್ಲು ಕತ್ತರಿಸಿ ಸುಣ್ಣದ ಗೆರೆ ಎಳೆದವರ, ಕಿಟ್ ಒಗೆದು ಹೊತ್ತವರ ನೆನಪನ್ನು ಧ್ವನಿಮುದ್ರಿಸದಿದ್ದರೆ ಅದು ಅವರೊಂದಿಗೇ ಹೋಗುತ್ತದೆ.

ಬಾಳೇವಾಡಿಯ ಪಂದ್ಯಗಳ ಟಿಕೆಟು, ಶಾಲು, ಫೋಟೊ ನಿಮ್ಮ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಟಿಕೆಟು, ಫೋಟೊಗಳ ಹಿಂಬದಿಯಲ್ಲಿ ಪಂದ್ಯದ ದಿನಾಂಕವನ್ನೂ ಎದುರಾಳಿಯ ಹೆಸರನ್ನೂ ಬರೆದಿಡಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಹರಡುತ್ತದೆ.