ಪಿಕಪ್ ಕೊಳ್ಳುವ ಮುನ್ನ ಹೊರೆ ನೋಡಿ, ದಾರಿ ನೋಡಿ

ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ, ಮಧ್ಯಾಹ್ನ ಪೇಟೆಯಿಂದ ಗೊಬ್ಬರಕ್ಕೆ, ಸಂಜೆ ತೋಟಕ್ಕೆ. ಎಲ್ಲಕ್ಕೂ ಒಂದೇ ವಾಹನ ಸಾಕೆಂದು ಪಿಕಪ್ ಕೊಳ್ಳುವ ರೈತರು ಹಲವರು. ಆದರೆ ಒಂದೇ ಹೆಸರಿನ ಪಿಕಪ್‌ನಲ್ಲಿ ನಾಲ್ಕಾರು ಮಾದರಿಗಳಿರುತ್ತವೆ. ತಿಳಿಯದೆ ಸಾಲಪತ್ರಕ್ಕೆ ಸಹಿ ಹಾಕಿದರೆ ಬೇಡದ ಸೌಕರ್ಯಕ್ಕೂ ವರ್ಷಗಟ್ಟಲೆ ಕಂತು ಕಟ್ಟಬೇಕಾದೀತು.

ಹೊರೆಯ ಲೆಕ್ಕ

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸು 15 ಕಿಲೋ ತೂಗುತ್ತದೆ. 1,300 ಕಿಲೋ ಹೊರುವ ಪಿಕಪ್‌ಗೆ ಸುಮಾರು 86 ಬಾಕ್ಸು, 1,700 ಕಿಲೋದ್ದಕ್ಕೆ 113 ಬಾಕ್ಸು ಆಗುತ್ತದೆ. ಖಾಲಿ ಬಾಕ್ಸಿನ ತೂಕವನ್ನೂ ಸೇರಿಸಿದರೆ ಇನ್ನೂ ಕಡಿಮೆ. 2022ರಲ್ಲಿ ಬಂದ ಟಾಟಾ ಯೋಧಾ 2.0ರಲ್ಲಿ 2,000 ಕಿಲೋ ಹೊರುವ ಮಾದರಿಯೂ ಇತ್ತು. ಆದರೆ ದಿನಕ್ಕೆ 50 ಬಾಕ್ಸು ಕೀಳುವವರಿಗೆ ಅಷ್ಟು ಶಕ್ತಿ ಅನಗತ್ಯ. ಹೊರೆ ಹೆಚ್ಚಾದಷ್ಟೂ ಹಿಂದಿನ ಕಮಾನು ಪ್ಲೇಟು ಬಿರುಸು. ಖಾಲಿ ಓಡಿಸುವಾಗ ಹಳ್ಳಿ ರಸ್ತೆಯಲ್ಲಿ ವಾಹನ ಕುಲುಕುತ್ತದೆ.

ಮನೆಮಂದಿಯೂ ಜೊತೆಗೆ ಹೋಗಬೇಕಾದಲ್ಲಿ ಬೊಲೆರೊ ಕ್ಯಾಂಪರಿನಂತಹ ಎರಡು ಸಾಲು ಸೀಟಿನ ಮಾದರಿ ಅನುಕೂಲ. ಆದರೆ ಸೀಟು ಬಂದಷ್ಟು ಹಿಂದಿನ ಜಾಗ ಕುಗ್ಗುತ್ತದೆಂಬುದನ್ನು ಮರೆಯಬಾರದು.

ಎರಡು ಚಕ್ರವೋ, ನಾಲ್ಕು ಚಕ್ರವೋ?

ಸಾಧಾರಣ ಪಿಕಪ್‌ಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಸಿಗುತ್ತದೆ. ಖಾಲಿ ಇದ್ದಾಗ ಹಿಂಭಾಗ ಹಗುರಾಗಿರುವುದರಿಂದ ಕೆಸರಿನಲ್ಲಿ ಚಕ್ರ ಸುತ್ತುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಹಿಂದೆ ನಾಲ್ಕು ಮೂಟೆ ಮರಳು ಹಾಕಿದರೆ ಹಿಡಿತ ಹೆಚ್ಚುತ್ತದೆ.

ಕೆಂಪು ಮಣ್ಣಿನ ಪ್ರದೇಶದಲ್ಲಿ ನೀರು ಬೇಗ ಬಸಿಯುವುದರಿಂದ ಎರಡು ಚಕ್ರದ ಮಾದರಿಯೇ ಸಾಕಾದೀತು. ಮಲೆನಾಡಿನ ಏರು ದಾರಿಯ ಕಾಫಿ, ಅಡಿಕೆ ತೋಟಗಳಿಗೆ ನಾಲ್ಕು ಚಕ್ರದ ಬಲ ಉಪಯುಕ್ತ. ಗದಗ, ಧಾರವಾಡದ ಎರೆ ಮಣ್ಣಿನಲ್ಲಾದರೋ ಮಳೆಗಾಲದಲ್ಲಿ ಜಿಗುಟು ಮಣ್ಣು ಟೈರಿನ ಹಲ್ಲು ಮುಚ್ಚಿಬಿಡುತ್ತದೆ. ನಾಲ್ಕು ಚಕ್ರದ ವಾಹನವೂ ಹೂತುಕೊಳ್ಳಬಹುದು.

ವರ್ಷದಲ್ಲಿ ಎಷ್ಟು ದಿನ ನಿಮ್ಮ ಬಂಡಿ ದಾರಿ ಕೆಡುತ್ತದೆ? ಹತ್ತು ಹದಿನೈದು ದಿನ ಮಾತ್ರವಾದರೆ ಆ ದಿನಗಳಿಗೆ ಟ್ರ್ಯಾಕ್ಟರ್ ಬಾಡಿಗೆ ಹಿಡಿಯುವುದೇ ಅಗ್ಗ. ಎರಡು ಮೂರು ತಿಂಗಳಾದರೆ ಹೆಚ್ಚಿನ ಹಣ ಕೊಡುವುದು ಸಾರ್ಥಕ. ಆದರೆ ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಹಾಕುವ ಗೇರನ್ನು ಒಣ ಟಾರು ರಸ್ತೆಯಲ್ಲಿ ಬಳಸಬಾರದು. ಟೈರೂ ಗೇರಿನ ಭಾಗಗಳೂ ಸವೆಯುತ್ತವೆ.

ಯಾವುದಕ್ಕೆ ಹಣ ಕೊಡಬೇಕು?

ಪವರ್ ಸ್ಟೀರಿಂಗ್ ಇರಲೇಬೇಕು. ದಿನವೂ ದೂರದ ಪೇಟೆಗೆ ಹೋಗಿಬರುವವರಿಗೆ ಎ.ಸಿ. ದಂಡವಲ್ಲ. ಅಲಾಯ್ ಚಕ್ರ ಬೇಡ. ಕಬ್ಬಿಣದ ಚಕ್ರ ಕಲ್ಲಿಗೆ ಬಡಿದು ಬಾಗಿದರೆ ಹತ್ತಿರದ ಗ್ಯಾರೇಜಿನಲ್ಲೇ ಸರಿಮಾಡಬಹುದು. ರೇಡಿಯೋ, ಸೀಟು ಕವರುಗಳನ್ನು ಆಮೇಲೂ ಹಾಕಿಸಬಹುದು. ಮುಂದೆ ಕಬ್ಬಿಣದ ಬುಲ್ ಬಾರ್ ಕೂರಿಸುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಹೆಚ್ಚು ಹೊರೆಗೆಂದು ಕಮಾನಿಗೆ ಪ್ಲೇಟು ಸೇರಿಸುವುದೂ ಅಪಾಯ. ಪ್ಲೇಟು ತಡೆದೀತು, ಬ್ರೇಕು ತಡೆಯದು.

ಕಾಗದ ಪತ್ರ

ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ನೀಡಿದೆ.

ಆದರೆ ಒಂದು ಎಚ್ಚರಿಕೆ. ನಾಟಿ, ಕಟಾವಿನ ಕಾಲದಲ್ಲಿ ಕೂಲಿಯಾಳುಗಳನ್ನು ಹಿಂದೆ ತುಂಬಿಕೊಂಡು ಹೋಗುವ ರೂಢಿ ಬಿಡಬೇಕು. ಸರಕು ವಾಹನ ಜನರಿಗಾಗಿ ಅಲ್ಲ. ವಾಹನ ಮಗುಚಿದರೆ ಹೋಗುವ ಜೀವ ಮರಳಿ ಬಾರದು. ವಿಮೆಯ ರಕ್ಷಣೆಯೂ ಸಿಗದೆ ಪರಿಹಾರದ ಹೊಣೆ ಮಾಲೀಕನ ಜಮೀನಿನ ಮೇಲೇ ಬೀಳಬಹುದು. ಆಳುಗಳಿಗೆ ಪ್ರತ್ಯೇಕ ಪ್ರಯಾಣಿಕ ವಾಹನ ಗೊತ್ತುಮಾಡಿ.

ಕೊಳ್ಳುವ ಮುನ್ನ ಷೋರೂಮಿನ ಎದುರಿನ ಟಾರು ರಸ್ತೆಯಲ್ಲಿ ಓಡಿಸಿ ತೃಪ್ತರಾಗಬೇಡಿ. ವಾಹನವನ್ನು ನಿಮ್ಮ ಹೊಲದ ದಾರಿಗೇ ತರಿಸಿ, ಖಾಲಿಯಾಗಿ ಒಮ್ಮೆ, ಹೊರೆಯೊಂದಿಗೆ ಒಮ್ಮೆ ಓಡಿಸಿ ನೋಡಿ. ತರಲು ಒಪ್ಪದವರಲ್ಲಿ ಕೊಳ್ಳಲು ಅವಸರ ಬೇಡ.