ಮನುಷ್ಯನು ನೆಟ್ಟಗೆ ನಡೆದ ವಿಚಾರ

ನಮ್ಮ ಶಾಲೆಯಲ್ಲಿ ವಿಜ್ಞಾನದ ಪಾಠವು ಮಾನವನ ಉಗಮದವರೆಗೆ ಬಂದಾಗಲೆಲ್ಲ ಪೋಷಕರಿಂದ ಒಂದು ಪ್ರಶ್ನೆ ತಪ್ಪದೆ ಬರುವುದುಂಟು: "ಅಮ್ಮನವರೇ, ಮನುಷ್ಯನು ಕೋತಿಯಿಂದ ಹುಟ್ಟಿದನೆಂದು ನಮ್ಮ ಮಕ್ಕಳಿಗೆ ಕಲಿಸುತ್ತೀರಂತೆ, ನಿಜವೇ?" ಪ್ರಶ್ನೆಯು ನ್ಯಾಯವಾದುದೇ. ಆದರೆ ನಾವು ಹಾಗೆ ಕಲಿಸುವುದಿಲ್ಲ. ಶಾಸ್ತ್ರವೂ ಹಾಗೆ ಹೇಳುವುದಿಲ್ಲ. ಮಹದೇಶ್ವರನ ಬೆಟ್ಟದ ದಾರಿಯಲ್ಲಿ ಯಾತ್ರಿಕರ ಕೈಯಿಂದ ಬಾಳೆಯ ಹಣ್ಣನ್ನು ಕಸಿಯುವ ಕೋತಿಯು ನಮ್ಮ ಪೂರ್ವಜನಲ್ಲ. ಆಫ್ರಿಕಾದ ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಮೂಲವಿದ್ದು, ಅಲ್ಲಿಂದ ವಂಶವು ಕವಲೊಡೆಯಿತೆಂಬುದು ಶಾಸ್ತ್ರದ ಮಾತು. ಸೃಷ್ಟಿಕರ್ತನು ಯಾರೆಂಬುದು ಸತ್ಯವೇದದ ಪಾಠಕ್ಕೆ ಸೇರಿದುದು. ಎಲುಬುಗಳು ಹೇಗೆ ಬದಲಾದುವೆಂಬುದು ವಿಜ್ಞಾನದ ಪಾಠಕ್ಕೆ ಸೇರಿದುದು. ಒಬ್ಬಳೇ ಹುಡುಗಿಯು ಒಂದೇ ದಿನದಲ್ಲಿ ಎರಡನ್ನೂ ಕಲಿಯಬಲ್ಲಳೆಂದು ನಾವು ನಂಬಿದ್ದೇವೆ.

ಈ ಕವಲಿನಲ್ಲಿ ಮೊದಲು ಬದಲಾದುದು ಬುದ್ಧಿಯಲ್ಲ, ಕಾಲು. ಇದನ್ನು ಒಪ್ಪಿಕೊಳ್ಳಲು ದೊಡ್ಡ ದೊಡ್ಡ ಪಂಡಿತರಿಗೇ ಬಹಳ ಕಾಲ ಹಿಡಿಯಿತು. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿಯ ಸುಣ್ಣಕಲ್ಲಿನ ಗಣಿಯಿಂದ ಒಂದು ಎಳೆಯ ಕೂಸಿನ ತಲೆಬುರುಡೆಯು ರೇಮಂಡ್ ಡಾರ್ಟ್ ಎಂಬ ಪ್ರಾಧ್ಯಾಪಕರ ಕೈಸೇರಿತು. ಮಿದುಳು ವಾನರದಷ್ಟೇ ಚಿಕ್ಕದು. ಆದರೆ ಬೆನ್ನುಹುರಿಯು ಹೊರಡುವ ರಂಧ್ರವು ಬುರುಡೆಯ ಹಿಂದುಗಡೆಗಿರದೆ ಅಡಿಯಲ್ಲಿದ್ದಿತು. ತಲೆಯ ಮೇಲೆ ಬಿಂದಿಗೆಯನ್ನು ಹೊತ್ತು ಬರುವ ನಮ್ಮೂರ ಹುಡುಗಿಯನ್ನು ನೋಡಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಭಾರವು ಕತ್ತಿನ ಮೇಲೆ ನೇರವಾಗಿ ಇಳಿಯಬೇಕಾದರೆ ತಲೆಯು ಬೆನ್ನೆಲುಬಿನ ತುದಿಯಲ್ಲಿ ಸಮತೂಕವಾಗಿ ಕುಳಿತಿರಬೇಕು. ಆ ಕೂಸು ನೆಟ್ಟಗೆ ನಡೆಯುತ್ತಿದ್ದಿತೆಂದು ಡಾರ್ಟರು 1925ರಲ್ಲಿ ಸಾರಿದರು. ಇಂಗ್ಲೆಂಡಿನ ಪಂಡಿತರಲ್ಲಿ ಅನೇಕರು ಒಪ್ಪಲಿಲ್ಲ. ಮಿದುಳೇ ಮೊದಲು ಬೆಳೆದಿರಬೇಕೆಂದು ಅವರ ಹಟ; ಅದಕ್ಕೆ ಅವರು ತೋರಿಸುತ್ತಿದ್ದ ಪಿಲ್ಟ್‌ಡೌನಿನ ಬುರುಡೆಯೋ, ಯಾರೋ ಕೂಡಿಸಿ ಬಣ್ಣ ಬಳಿದ ಮೋಸದ ವಸ್ತುವೆಂದು 1953ರಲ್ಲಿ ಬಯಲಾಯಿತು!

1974ರಲ್ಲಿ ಇಥಿಯೋಪಿಯಾದ ಹಡಾರ್ ಎಂಬಲ್ಲಿ 32 ಲಕ್ಷ ವರ್ಷಗಳ ಹಿಂದಿನ ಒಂದು ಅಸ್ಥಿಪಂಜರದ ಸುಮಾರು ನೂರಕ್ಕೆ ನಲವತ್ತು ಪಾಲು ದೊರೆಯಿತು. ಹೆಣ್ಣಿನದೆಂದು ಎಣಿಸಿ ಅದಕ್ಕೆ 'ಲೂಸಿ' ಎಂದು ಹೆಸರಿಟ್ಟರು. ಎತ್ತರವು ಸುಮಾರು ಮೂರೂವರೆ ಅಡಿ. ಅವಳ ಸೊಂಟದ ಎಲುಬು ನಮ್ಮದರಂತೆ ಗಿಡ್ಡ, ಅಗಲ. ತೊಡೆಯ ಎಲುಬು ಮಂಡಿಯ ಕಡೆಗೆ ಒಳವಾಲಿದೆ. ಈ ವಾಲುವಿಕೆ ಇಲ್ಲದಿದ್ದರೆ ಒಂದು ಕಾಲನ್ನು ಎತ್ತಿದಾಗ ದೇಹವು ಪಕ್ಕಕ್ಕೆ ಹೊಯ್ದಾಡುವುದು.

ಆದರೂ ನಮ್ಮ ಮನಸ್ಸನ್ನು ಹಿಡಿಯುವುದು ಎಲುಬುಗಳಲ್ಲ, ಹೆಜ್ಜೆಗಳು. ಟಾಂಜಾನಿಯಾದ ಲಯೆಟೋಲಿ ಎಂಬಲ್ಲಿ ಜ್ವಾಲಾಮುಖಿಯ ಬೂದಿಯು ನೆಲವನ್ನು ಮುಚ್ಚಿ, ಮಳೆ ಹನಿದು, ಬೂದಿಯು ಕೆಸರಾಗಿದ್ದಾಗ ಕೆಲವರು ಅದರ ಮೇಲೆ ನಡೆದುಹೋದರು. ಕೆಸರು ಗಟ್ಟಿಯಾಯಿತು. ಸುಮಾರು 36 ಲಕ್ಷ ವರ್ಷಗಳ ತರುವಾಯ, 1978ರಲ್ಲಿ, ಮೇರಿ ಲೀಕಿ ಎಂಬ ಮಹಿಳೆಯ ತಂಡವು ಆ ಹೆಜ್ಜೆಗಳನ್ನು ಕಂಡಿತು. ಹಿಮ್ಮಡಿಯು ಆಳವಾಗಿ ಊರಿದೆ; ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲಿಯೇ ಇದೆ. ಇಬ್ಬರು ಅಕ್ಕಪಕ್ಕದಲ್ಲಿ ನಡೆದಿದ್ದಾರೆ. ಮತ್ತೊಬ್ಬರು ಮುಂದಿನವರ ಹೆಜ್ಜೆಯೊಳಗೇ ಹೆಜ್ಜೆಯನ್ನಿಟ್ಟಂತಿದೆ. ಕಾವೇರಿಯ ದಂಡೆಯ ಕೆಸರಿನಲ್ಲಿ ತಂದೆಯ ಹಿಂದೆ ನಡೆಯುವ ಮಕ್ಕಳು ಇಂದಿಗೂ ಮಾಡುವುದು ಇದನ್ನೇ. ಇವರ ಕಾಲದಲ್ಲಿ ಕಲ್ಲಿನ ಆಯುಧಗಳ ಸುಳಿವಿಲ್ಲ. ಈವರೆಗೆ ದೊರೆತ ಅತಿ ಹಳೆಯವು ಕೀನ್ಯಾದ 33 ಲಕ್ಷ ವರ್ಷದವು.

ಕಾಡು ಬಯಲಾದುದರಿಂದ, ಹುಲ್ಲಿನ ಮೇಲಿಂದ ಇಣಿಕಿ ನೋಡಲು ಮನುಷ್ಯನು ಎದ್ದು ನಿಂತನೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದುವು. ಇಥಿಯೋಪಿಯಾದಲ್ಲಿಯೇ ದೊರೆತ, 44 ಲಕ್ಷ ವರ್ಷದ 'ಆರ್ಡಿ'ಯ ವಿವರಗಳು 2009ರಲ್ಲಿ ಪ್ರಕಟವಾದ ಮೇಲೆ ಆ ಕಥೆಯು ಸಡಿಲವಾಯಿತು. ಅವಳು ಮರಗಳ ನಡುವೆ ವಾಸಿಸಿದವಳು. ಕೊಂಬೆಯನ್ನು ಹಿಡಿಯುವ ಹೆಬ್ಬೆರಳುಳ್ಳವಳು. ಆದರೂ ನೆಲದ ಮೇಲೆ ಎರಡು ಕಾಲಿನಲ್ಲಿ ನಡೆಯಬಲ್ಲವಳು. ನಡಿಗೆಯಲ್ಲಿ ಶಕ್ತಿಯ ಉಳಿತಾಯವಂತೂ ದೊಡ್ಡದು: ಅಷ್ಟೇ ತೂಕಕ್ಕೆ, ಅಷ್ಟೇ ದೂರಕ್ಕೆ ಚಿಂಪಾಂಜಿಯು ವ್ಯಯಮಾಡುವುದರಲ್ಲಿ ನಾಲ್ಕರಲ್ಲೊಂದು ಪಾಲು ನಮಗೆ ಸಾಕು.

ಹೀಗೆ ನಡೆಯಬಲ್ಲವರ ಸಂತತಿಯೇ ಆಫ್ರಿಕಾವನ್ನು ದಾಟಿ ದೂರ ಬಂದಿತು. ನಮ್ಮ ಕನ್ನಡನಾಡಿನಲ್ಲಿಯೇ, ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿಯ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿದಾಗ ಕಲ್ಲುಗೊಡಲಿಗಳನ್ನು ಮಾಡುತ್ತಿದ್ದ ಸ್ಥಳವೇ ಬೆಳಕಿಗೆ ಬಂದಿತು. ಅದು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಲ್ಲಿಯ ಪ್ರಾಣಿಗಳ ಹಲ್ಲುಗಳಿಂದ ಲೆಕ್ಕ ಹಾಕಿದ್ದಾರೆ.

ನೆಟ್ಟಗೆ ನಿಂತುದಕ್ಕೆ ನಾವು ಬೆಲೆಯನ್ನೂ ತೆತ್ತಿದ್ದೇವೆ. ನಡುನೋವು, ಮಂಡಿನೋವು ಸರಿಯೇ, ಹೆಂಗಸರಿಗೆ ಬೇರೊಂದುಂಟು. ನಡೆಯಲು ತಕ್ಕಂತೆ ರೂಪುಗೊಂಡ ಸೊಂಟದ ಎಲುಬಿನೊಳಗಿಂದಲೇ, ಬಹುಕಾಲದ ತರುವಾಯ ದೊಡ್ಡದಾದ ಕೂಸಿನ ತಲೆಯೂ ಬರಬೇಕಾಯಿತು. ದಾರಿಯು ಇಕ್ಕಟ್ಟಾದುದರಿಂದ ಕೂಸು ತಿರುಗಿ, ಸಾಮಾನ್ಯವಾಗಿ ತಾಯಿಗೆ ಬೆನ್ನುಕಡೆಗೆ ಮುಖಮಾಡಿ ಹೊರಬರುವುದು. ತಾಯಿಯು ತಾನೊಬ್ಬಳೇ ಅದನ್ನು ಎತ್ತಿಕೊಳ್ಳುವುದು ಕಷ್ಟ. ಮತ್ತೊಬ್ಬ ಹೆಂಗಸಿನ ಕೈ ಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿರುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹೆರಿಗೆಯು ಕಷ್ಟವಾದಾಗ, ಅದು ಸೊಸೆಯ ಪಾಪದ ಫಲವೆಂದು ಹೇಳುವ ಅತ್ತೆಯಂದಿರು ಇನ್ನೂ ಇದ್ದಾರೆಂದು ಕೇಳುತ್ತೇವೆ. ಅಂಥವರ ಮುಂದೆ ನಮ್ಮ ಹುಡುಗಿಯರು ಸೊಂಟದ ಎಲುಬಿನ ಈ ಪಾಠವನ್ನು ನಿಧಾನವಾಗಿ, ಮರ್ಯಾದೆಯಿಂದ, ಆದರೆ ಪೂರ್ತಿಯಾಗಿ ಹೇಳಲಿ.