ಅಂಗಡಿ ಫೋನಲ್ಲೇ ಮಕ್ಕಳ ಗೇಮ್? ಬೇರೆ ಸಾಧನ ತಗೊಳ್ಳೋ ಮುಂಚೆ ಈ ಲೆಕ್ಕ ನೋಡಿ

ಚಿತ್ರದುರ್ಗ: ಅಂಗಡಿ ಗಲ್ಲಾ ಮೇಲಿರೋ ಫೋನ್ ಒಂದೇ. ಗಿರಾಕಿ ಕಳಿಸಿದ ದುಡ್ಡು ಬಂತಾ ಅಂತ ನೋಡೋದು ಅದರಲ್ಲೇ, ಹೋಲ್‌ಸೇಲ್‌ನವರಿಗೆ ಆರ್ಡರ್ ಹೇಳೋದು ಅದರಲ್ಲೇ, ಸಂಜೆ ಶಾಲೆ ಬಿಟ್ಟು ಬಂದ ಮಗ ಗೇಮ್ ಆಡೋದೂ ಅದರಲ್ಲೇ. ವ್ಯಾಪಾರ ಜೋರಾಗೋ ಹೊತ್ತಿಗೆ ಬ್ಯಾಟರಿ ಹತ್ತು ಪರ್ಸೆಂಟ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಪೇಟೆಗೆ ಹೋದರೂ ಇದು ಹೊಸ ಮಾತಲ್ಲ.

ಹಾಗಾದರೆ ಆಟಕ್ಕೆ, ಹಾಡಿಗೆ, ಸಿನಿಮಾಗೆ ಬೇರೆಯದೇ ಒಂದು ಸಾಧನ ತಗೊಂಡರೆ ಹೇಗೆ? ಐನೂರು ರೂಪಾಯಿಯಿಂದ ತೊಂಬತ್ತು ಸಾವಿರದವರೆಗೂ ಸಿಗುತ್ತವೆ. ಬಾಕ್ಸ್ ಮೇಲೆ ಬರೆದ ಜಿಬಿ, ಗೇಮ್‌ಗಳ ಸಂಖ್ಯೆ ನೋಡಿ ತಗೊಂಡರೆ ದುಡ್ಡು ದಂಡವಾಗೋದೇ ಜಾಸ್ತಿ. ದಿನಬಳಕೆಗೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ನೆಟ್ ಇಲ್ಲದೆ ಏನೇನು ನಡೆಯುತ್ತೆ? ಕರೆಂಟ್ ಹೋದರೆ ಎಷ್ಟು ಹೊತ್ತು ಬರುತ್ತೆ? ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?

'400 ಇನ್ 1' ಗೇಮ್ ಬಾಕ್ಸ್

ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರ್‌ನಲ್ಲಿ ನಾನೂರು-ಐನೂರು ರೂಪಾಯಿ ಆಸುಪಾಸಿಗೆ ಸಿಗೋ ಪುಟ್ಟ ಗೇಮ್ ಇದು. ಒಳಗಿರೋದು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಕಾಲದ ಆಟಗಳು. ನಾನೂರು ಅಂತ ಬರೆದಿದ್ದರೂ ಅದೇ ಆಟ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರೋದುಂಟು. ಆದರೆ ಇದಕ್ಕೆ ನೆಟ್ ಬೇಡ, ಸಿಮ್ ಬೇಡ, ಜಾಹೀರಾತಿಲ್ಲ, ದುಡ್ಡು ಕಟ್ಟಿಸಿಕೊಳ್ಳೋ ಬಟನ್ ಇಲ್ಲ. ಬಹಳಷ್ಟರಲ್ಲಿ ಹಳೇ ಕೀಪ್ಯಾಡ್ ಫೋನಿನಂಥ ಬ್ಯಾಟರಿ ಇರುತ್ತೆ, ತೆಗೆದು ಬೇರೆ ಹಾಕಬಹುದು. ಇದನ್ನ ಆಟಿಕೆ ಅಂತಲೇ ತಗೊಳ್ಳಿ. ವರ್ಷಗಟ್ಟಲೆ ಬಾಳಿಕೆ ಬರಲಿ ಅಂತ ಕಾಯಬೇಡಿ.

ಹಾಡು, ವಾರ್ತೆ ಸಾಕು ಅನ್ನೋರಿಗೆ

ಮನೆಯ ಹಿರಿಯರಿಗೆ, ತೋಟದಲ್ಲಿ ಕೆಲಸ ಮಾಡೋರಿಗೆ ಮೆಮೊರಿ ಕಾರ್ಡ್ ಹಾಕೋ ಕೀಪ್ಯಾಡ್ ಫೋನೇ ಈಗಲೂ ಒಳ್ಳೆಯ ಆಯ್ಕೆ. ಸಾಧಾರಣ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ತಿನ್ನುತ್ತೆ. ಅಂದರೆ ಐದು ನಿಮಿಷದ ಹಾಡಿಗೆ 5 ಎಂಬಿ. ಆ ಲೆಕ್ಕದಲ್ಲಿ 32 ಜಿಬಿ ಕಾರ್ಡ್‌ಗೆ ಹತ್ತಿರ ಹತ್ತಿರ ಆರು ಸಾವಿರ ಹಾಡು. ಎಫ್‌ಎಂ ಇದ್ದರೆ ಚಿತ್ರದುರ್ಗ ಆಕಾಶವಾಣಿ 102.6ರಲ್ಲಿ ಡೇಟಾ ಇಲ್ಲದೇ ಸಿಗುತ್ತೆ. ಬಹಳಷ್ಟು ಫೋನ್‌ಗಳಲ್ಲಿ ಇಯರ್‌ಫೋನ್ ವೈರೇ ಆಂಟೆನಾ, ಅದನ್ನ ಚುಚ್ಚದಿದ್ದರೆ ರೇಡಿಯೊ ಕೇಳಲ್ಲ. ಇಷ್ಟಕ್ಕೇ ಸ್ಮಾರ್ಟ್‌ಫೋನ್ ಕೊಡಿಸೋದು ಅನಗತ್ಯ ಖರ್ಚು.

ಹಳೇ ಸ್ಮಾರ್ಟ್‌ಫೋನ್ ಜೊತೆ ಕಂಟ್ರೋಲರ್

ಹೆಚ್ಚಿನ ಮನೆಗಳಿಗೆ ಸರಿಹೊಂದೋದು ಇದೇ. ಹೊಸ ಫೋನ್ ತಗೊಂಡಾಗ ಹಳೆಯದನ್ನ ಎಕ್ಸ್‌ಚೇಂಜ್‌ಗೆ ಚಿಲ್ಲರೆ ರೇಟಿಗೆ ಕೊಡೋ ಬದಲು, ಸಿಮ್ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ, ಗೇಮ್-ಸಿನಿಮಾಗೆ ಅಂತ ಎತ್ತಿಡಿ. ಒಂದೆರಡು ಸಾವಿರದೊಳಗಿನ ಬ್ಲೂಟೂತ್ ಕಂಟ್ರೋಲರ್ ಜೋಡಿಸಿದರೆ ಬಟನ್ ಒತ್ತಿ ಆಡಬಹುದು. ಎಲ್ಲ ಗೇಮ್‌ಗೂ ಕಂಟ್ರೋಲರ್ ನಡೆಯಲ್ಲ, ಮೊದಲು ವಿಚಾರಿಸಿ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ ಹೋದರೆ ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯಲ್ಲೇ ರಿಪೇರಿ ಆಗುತ್ತೆ. ಬೇರೆ ಯಾವ ಸಾಧನಕ್ಕೂ ಈ ಅನುಕೂಲ ಇಲ್ಲ. ಆದರೆ ಬ್ಯಾಟರಿ ಉಬ್ಬಿದ ಹಳೇ ಫೋನನ್ನ ಮಾತ್ರ ಮಕ್ಕಳ ಕೈಗೆ ಕೊಡಬೇಡಿ.

ಟ್ಯಾಬ್

ಪಾಠ, ವಿಡಿಯೊ, ಸಿನಿಮಾ ಮುಖ್ಯ, ಗೇಮ್ ಆಮೇಲೆ ಅನ್ನೋದಾದರೆ ಟ್ಯಾಬ್ ಸರಿ. ದೊಡ್ಡ ಪರದೆ, ಕಣ್ಣಿಗೆ ಶ್ರಮ ಕಡಿಮೆ, ಇಬ್ಬರು ಕೂತು ನೋಡಬಹುದು. ತಗೊಳ್ಳೋವಾಗ ಇದು ವೈಫೈ ಮಾಡೆಲ್ಲೋ ಸಿಮ್ ಮಾಡೆಲ್ಲೋ ಅಂತ ಕೇಳಿ. ವೈಫೈ ಮಾತ್ರ ಇರೋದಾದರೆ ಮನೆಯಲ್ಲಿ ಯಾರದ್ದಾದರೂ ಫೋನಿನ ಹಾಟ್‌ಸ್ಪಾಟ್ ಆನ್ ಇರಲೇಬೇಕು, ಆಗ ಆ ಫೋನಿನ ಬ್ಯಾಟರಿಯೂ ಕರಗುತ್ತೆ.

ದುಬಾರಿ ಹ್ಯಾಂಡ್‌ಹೆಲ್ಡ್‌ಗಳು

ಆಸುಸ್ ಕಂಪನಿಯ ಆರ್‌ಒಜಿ ಅಲೈ 2023ರ ಜುಲೈನಲ್ಲಿ ಭಾರತಕ್ಕೆ ಬಂದಾಗ ಬೆಲೆ 69,990 ರೂ. ಲೆನೊವೊ ಲೀಜನ್ ಗೋ ಬೆಲೆ ಇಲ್ಲಿಗೆ ಬಂದಾಗ 89,990 ರೂ. ಇವು ವಿಂಡೋಸ್ ಕಂಪ್ಯೂಟರನ್ನೇ ಅಂಗೈಗೆ ಇಳಿಸಿದ ಹಾಗೆ. ಇವುಗಳ ದೊಡ್ಡ ಗೇಮ್ ಕೆಲವು 100 ಜಿಬಿ ದಾಟುತ್ತವೆ. ದಿನಕ್ಕೆ 1.5 ಜಿಬಿ ಸಿಗೋ ರೀಚಾರ್ಜ್‌ನಲ್ಲಿ ಅಂಥ ಒಂದು ಗೇಮ್ ಇಳಿಸೋಕೆ ಎರಡು ತಿಂಗಳಿಗೂ ಹೆಚ್ಚು ಬೇಕು. ಅಂದರೆ ಮನೆಗೆ ಫೈಬರ್ ನೆಟ್ ಇಲ್ಲದವರು ಇದರ ಕಡೆ ನೋಡೋದೇ ಬೇಡ.

ಸೋನಿಯ ಪ್ಲೇಸ್ಟೇಷನ್ ಪೋರ್ಟಲ್ 2024ರಲ್ಲಿ 18,990 ರೂಪಾಯಿಗೆ ಬಂತು. ಬೆಲೆ ನೋಡಿ ಅಗ್ಗ ಅಂದುಕೊಳ್ಳಬೇಡಿ. ಅದರೊಳಗೇ ಗೇಮ್ ಹಾಕಿಕೊಂಡು ಆಡೋಕಾಗಲ್ಲ. ಮನೆಯಲ್ಲಿ ಪಿಎಸ್5 ಇರಬೇಕು, ಅದರ ಆಟವನ್ನ ವೈಫೈ ಮೂಲಕ ಇದು ತೋರಿಸುತ್ತೆ. ಕಂಪನಿ ಹೇಳೋ ಪ್ರಕಾರ ಕನಿಷ್ಠ 5 ಎಂಬಿಪಿಎಸ್ ವೇಗ ಬೇಕು, ಚೆನ್ನಾಗಿ ಆಡಬೇಕಂದರೆ 15. ಇನ್ನು ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್ ನಮ್ಮ ಕಡೆಗೆ ಹೆಚ್ಚಾಗಿ ಬರೋದು ಹೊರದೇಶದಿಂದ ತರಿಸಿ ಮಾರೋರ ಕೈಯಿಂದ. ಅಲ್ಲಿ ವಾರಂಟಿ ಅಂದರೆ ಅಂಗಡಿಯವರ ಬಾಯಿಮಾತು ಅಷ್ಟೇ.

ಬ್ಯಾಟರಿ ಲೆಕ್ಕ ಹೀಗೆ ಹಾಕಿ

ಎಂಎಎಚ್ ಸಂಖ್ಯೆಯನ್ನ 3.7ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಬರೋದು ವ್ಯಾಟ್-ಅವರ್. 5000 ಎಂಎಎಚ್ ಫೋನಂದರೆ ಸುಮಾರು 18.5. ಆರ್‌ಒಜಿ ಅಲೈ ಬ್ಯಾಟರಿ 40 ವ್ಯಾಟ್-ಅವರ್, ಫೋನಿನ ಎರಡರಷ್ಟು. ಆದರೆ ಭಾರಿ ಗೇಮ್ ಓಡುವಾಗ ಅದು 25 ವ್ಯಾಟ್ ಎಳೆದರೆ ಒಂದೂವರೆ ಗಂಟೆ ದಾಟೋದು ಕಷ್ಟ. ಫೋನ್ ಗೇಮ್‌ಗೆ ಎಳೆಯೋದು ಕೆಲವೇ ವ್ಯಾಟ್. ಹಾಗಾಗಿ ಸಣ್ಣ ಬ್ಯಾಟರಿಯಲ್ಲೂ ಹೆಚ್ಚು ಹೊತ್ತು ಬರುತ್ತೆ. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 37 ವ್ಯಾಟ್-ಅವರ್. ನಡುವೆ ಪೋಲಾಗೋದು ಕಳೆದರೆ ಫೋನಿಗೆ ಒಂದು ಸಲ ಪೂರ್ತಿ, ಮೇಲೊಂದಿಷ್ಟು. ದೊಡ್ಡ ಹ್ಯಾಂಡ್‌ಹೆಲ್ಡ್‌ಗೆ ಒಂದು ಸಲವೂ ಪೂರ್ತಿ ಆಗಲ್ಲ.

ಈ ಪಾಠ ಹಳೆಯದೇ. 1989ರಲ್ಲಿ ಬಂದ ಗೇಮ್ ಬಾಯ್‌ಗೆ ಬಣ್ಣದ ಪರದೆ ಇರಲಿಲ್ಲ, ನಾಲ್ಕು ಪೆನ್ಸಿಲ್ ಸೆಲ್ಲಿಗೆ ಹತ್ತು ಗಂಟೆ ಮೀರಿ ಓಡ್ತಿತ್ತು. ಮರುವರ್ಷ ಬಂದ ಸೆಗಾ ಗೇಮ್ ಗೇರ್‌ಗೆ ಬಣ್ಣದ ಪರದೆ ಇತ್ತು, ಆರು ಸೆಲ್ ಹಾಕಿದರೂ ಮೂರರಿಂದ ಐದು ಗಂಟೆ. ಮಾರುಕಟ್ಟೆಯಲ್ಲಿ ಗೆದ್ದಿದ್ದು ಬಣ್ಣ ಇಲ್ಲದ್ದೇ.

ಹಂಚಿಕೊಳ್ಳೋ ಸಾಧನ ಬೇರೆ, ಸ್ವಂತ ಫೋನ್ ಬೇರೆ

ಒಂದೇ ಸಾಧನವನ್ನ ಹಲವರು ಹಂಚಿಕೊಳ್ಳೋ ಯೋಚನೆಗೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ 'ಸಿಂಪ್ಯೂಟರ್' ಅಂಗೈ ಕಂಪ್ಯೂಟರ್. 2004ರಲ್ಲಿ ಬಿಇಎಲ್ ಇದನ್ನ 'ಅಮಿಡಾ' ಹೆಸರಲ್ಲಿ ಮಾರುಕಟ್ಟೆಗೆ ತಂತು. ಹಳ್ಳಿಯಲ್ಲಿ ಒಂದು ಸಾಧನ, ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್. ತಮ್ಮ ಕಾರ್ಡ್ ಹಾಕಿದರೆ ತಮ್ಮ ಮಾಹಿತಿ ಮಾತ್ರ, ಇದು ಅದರ ಕಲ್ಪನೆ. ಮೊಬೈಲ್ ಫೋನ್ ಅಗ್ಗವಾಗುತ್ತಾ ಹೋಗಿ ಸಿಂಪ್ಯೂಟರ್ ಹಿಂದೆ ಬಿತ್ತು. ಆದರೆ ಈಗ ಕೈಯಲ್ಲಿರೋ ಫೋನು ಒಬ್ಬರಿಗೆ ಅಂತಲೇ ಮಾಡಿದ್ದು. ಬ್ಯಾಂಕು, ವಾಟ್ಸಾಪು, ಗೇಮು ಎಲ್ಲ ಒಂದೇ ಬೀಗದ ಹಿಂದೆ. ಅಂಗಡಿಯವರಿಗೆ ಅಪಾಯ ಇರೋದು ಇಲ್ಲೇ.

ಬೇರೆ ಸಾಧನ ತಗೊಳ್ಳೋವರೆಗೆ ಇಷ್ಟು ಮಾಡಿಕೊಳ್ಳಿ:

- ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಸೆಟ್ ಮಾಡಿ.
- ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೇಳಲ್ಲ. ಮಕ್ಕಳು ಬಳಸೋ ಫೋನಲ್ಲಿ ಅದು ಬೇಡ.
- ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿ ತೆಗೆದು ನೋಡಿ, ಗೊತ್ತಿಲ್ಲದ್ದು ಇದ್ದರೆ ರದ್ದು ಮಾಡಿ.
- ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದ್ದರೆ ಆನ್ ಮಾಡಿ. ಗೇಮ್ ಬಿಟ್ಟು ಹೊರಗೆ ಬರೋಕೆ ನಿಮ್ಮ ಲಾಕ್ ಬೇಕಾಗುತ್ತೆ.

ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಗೇಮ್‌ನೊಳಗೆ ಬಂದೂಕು, ಬಟ್ಟೆ, ಡೈಮಂಡ್ ಕೊಳ್ಳೋದು ಬೇರೆ ವಿಷಯ. ಮಕ್ಕಳ ಕೈಯಿಂದ ದುಡ್ಡು ಜಾರೋದು ಹೆಚ್ಚಾಗಿ ಅಲ್ಲೇ.

ಮಾರೋ ಅಂಗಡಿಯವರಿಗೂ ಎರಡು ಮಾತು

ವಿಡಿಯೊ ಗೇಮ್, ಪವರ್ ಬ್ಯಾಂಕ್, ಮೊಬೈಲ್ ಫೋನ್ ಎಲ್ಲವೂ ಬಿಐಎಸ್ ಕಡ್ಡಾಯ ನೋಂದಣಿ ಪಟ್ಟಿಯಲ್ಲಿವೆ. ವಸ್ತುವಿನ ಮೇಲೆ 'ಆರ್' ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತೆ. ಗಿರಾಕಿಯೂ ನೋಡಬಹುದು, ಸರಕು ತರಿಸೋ ಮುಂಚೆ ಅಂಗಡಿಯವರೂ ನೋಡಬಹುದು.

ಮೆಮೊರಿ ಕಾರ್ಡ್‌ಗೆ ಸಿನಿಮಾ, ಹಾಡು, ಗೇಮ್ ತುಂಬಿ ಮಾರೋದು ಸಣ್ಣ ವಿಷಯ ಅಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಐವತ್ತು ರೂಪಾಯಿ ಆಸೆಗೆ ಅಷ್ಟು ದೊಡ್ಡ ತಲೆನೋವು ಬೇಡ.

ಕೊಳ್ಳೋರು ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ. ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ.

ಕೊನೆಗೆ ಯಾರಿಗೆ ಯಾವುದು?

ಸಣ್ಣ ಮಕ್ಕಳಿಗೆ ಬಿಐಎಸ್ ಗುರುತಿರೋ ಗೇಮ್ ಬಾಕ್ಸ್. ಹಿರಿಯರಿಗೆ ಎಫ್‌ಎಂ, ಕಾರ್ಡ್ ಇರೋ ಕೀಪ್ಯಾಡ್ ಫೋನ್. ಓದೋ ಮಕ್ಕಳಿರೋ ಮನೆಗೆ ಟ್ಯಾಬ್. ಗೇಮ್ ಹುಚ್ಚಿರೋ ಹುಡುಗರಿಗೆ ಸಿಮ್ ಇಲ್ಲದ ಹಳೇ ಫೋನ್, ಜೊತೆಗೊಂದು ಕಂಟ್ರೋಲರ್. ಎಪ್ಪತ್ತು ಸಾವಿರದ ಹ್ಯಾಂಡ್‌ಹೆಲ್ಡ್ ಬೇಕೇ ಬೇಕು ಅನ್ನೋರು ದುಡ್ಡು ಕಟ್ಟೋ ಮುಂಚೆ ಒಂದು ಮಾತು ಕೇಳಿ: ಇದರ ಸರ್ವಿಸ್ ಚಿತ್ರದುರ್ಗದಲ್ಲಿ ಆಗುತ್ತಾ, ದಾವಣಗೆರೆಗೆ ಹೋಗಬೇಕಾ, ಬೆಂಗಳೂರಿಗೆ ಕಳಿಸಬೇಕಾ? ಆ ಉತ್ತರ ಬಿಲ್ ಮೇಲೆ ಬರೆಸಿಕೊಂಡೇ ತಗೊಳ್ಳಿ.